ದಿನಕ್ಕೆ ಹತ್ತು ನಿಮಿಷ ಸ್ಕೆಚ್: ಶುರು ಮಾಡುವುದು ಹೇಗೆ, ಬಿಡದೆ ಮುಂದುವರಿಸುವುದು ಹೇಗೆ

"ನಂಗೆ ಚಿತ್ರ ಬರಲ್ಲ" ಅನ್ನುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಪಾಸು ಮಾಡಿ ಆಮೇಲೆ ಪೆನ್ಸಿಲ್ ಮುಟ್ಟದವರಿದ್ದಾರೆ. ಮೀಟಿಂಗಿನಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚುತ್ತಾ ಕೂರುವವರಿದ್ದಾರೆ. ಮಗುವಿಗೆ ಆನೆ ಬಿಡಿಸಿಕೊಡಲು ಯೂಟ್ಯೂಬ್ ತೆಗೆಯುವವರೂ ಇದ್ದಾರೆ. ಇವರೆಲ್ಲರಿಗೂ ಸ್ಕೆಚ್ ಸಾಧ್ಯ. ಗೋಡೆಗೆ ನೇತುಹಾಕುವ ಚಿತ್ರ ಆಗದೇ ಇರಬಹುದು, ಆಗಬೇಕಾಗಿಯೂ ಇಲ್ಲ. ಕಣ್ಣೆದುರು ಇರುವ ಒಂದು ವಸ್ತುವನ್ನು ಹತ್ತು ನಿಮಿಷ ಬಿಡದೆ ನೋಡಿ, ನೋಡಿದ್ದನ್ನು ಕಾಗದದ ಮೇಲೆ ಇಳಿಸುವುದು, ಅಷ್ಟೇ ಕೆಲಸ.

ನಾನು ಹೇಳುವ ದಾರಿಯಲ್ಲಿ ಮೂರು ಪಟ್ಟುಗಳಿವೆ. ಅಳಿಸಲು ಬಾರದ ಪೆನ್ನಲ್ಲಿ ಬಿಡಿಸಬೇಕು. ಎದುರಿಗೆ ಇರುವುದನ್ನೇ ಬಿಡಿಸಬೇಕು, ಫೋಟೋ ನೋಡಿ ಅಲ್ಲ. ಒಂದೇ ವಸ್ತುವನ್ನು ಮತ್ತೆ ಮತ್ತೆ ಬಿಡಿಸಬೇಕು. ಮೂರೂ ಮೊದಲಿಗೆ ಸ್ವಲ್ಪ ಕಿರಿಕಿರಿ ಮಾಡುತ್ತವೆ. ಯಾಕೆ ಬೇಕು ಅನ್ನುವುದನ್ನು ಮುಂದೆ ಒಂದೊಂದಾಗಿ ಹೇಳುತ್ತೇನೆ.

ಸಾಮಾನು

ಮನೆಯಲ್ಲಿರುವ ಬಾಲ್ ಪೆನ್ ಸಾಕು. ನಿಜವಾಗಿಯೂ ಸಾಕು. ಬಾಲ್ ಪೆನ್ನಿನ ಇಂಕು ಎಣ್ಣೆಯಂಥದ್ದು, ಮಂದ, ಹಾಗಾಗಿ ಕೈ ಹಗುರ ಬಿಟ್ಟರೆ ತೆಳು ಬೂದುಬಣ್ಣದ ಗೆರೆ ಬರುತ್ತದೆ, ಒತ್ತಿದರೆ ಕಡುಗಪ್ಪು. ಒಂದೇ ಪೆನ್ನಲ್ಲಿ ಇಷ್ಟು ಬಗೆ ಸಿಗುವುದು ದೊಡ್ಡ ಅನುಕೂಲ. ಜೆಲ್ ಪೆನ್ ಹೀಗಲ್ಲ, ಎಷ್ಟು ಒತ್ತಿದರೂ ಗೆರೆ ಹೆಚ್ಚುಕಡಿಮೆ ಒಂದೇ ಥರ, ಮೇಲೆ ನೀರು ಬಿದ್ದರೆ ಸಾಮಾನ್ಯವಾಗಿ ಹರಡುತ್ತದೆ. ಮುಂದೆ ಯಾವತ್ತಾದರೂ ಬಣ್ಣ ಹಚ್ಚುವ ಮನಸ್ಸಿದ್ದರೆ ಆಗ ವಾಟರ್‌ಪ್ರೂಫ್ ಇಂಕಿನ ಪೆನ್ ಕೊಂಡರಾಯಿತು. ಈಗಲೇ ಬೇಡ.

ಪೆನ್ಸಿಲ್ಲೇ ಇಷ್ಟ ಅನ್ನುವವರು 4ಬಿ ತಗೊಳ್ಳಿ, ಮೆತ್ತಗಿನ ಕಪ್ಪು ಪೆನ್ಸಿಲ್ ಅದು. ಪೆನ್ಸಿಲ್ಲಿನ ಒಳಗಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣಿನ ಮಿಶ್ರಣ. 1795ರಲ್ಲಿ ಫ್ರಾನ್ಸಿನ ನಿಕೋಲಾ ಜಾಕ್ ಕಾಂಟೆ ಈ ವಿಧಾನಕ್ಕೆ ಪೇಟೆಂಟ್ ಪಡೆದ, ಇವತ್ತಿಗೂ ಹೆಚ್ಚುಕಡಿಮೆ ಅದೇ ನಡೆದುಕೊಂಡು ಬಂದಿದೆ. ಮಣ್ಣು ಜಾಸ್ತಿ ಇದ್ದಷ್ಟೂ ಗಟ್ಟಿ ಮತ್ತು ತೆಳುಬಣ್ಣ, ಗ್ರಾಫೈಟ್ ಜಾಸ್ತಿ ಇದ್ದಷ್ಟೂ ಮೆತ್ತಗೆ ಮತ್ತು ಕಪ್ಪು. ಬರೆಯಲು ಬಳಸುವ ಮಾಮೂಲಿ ಎಚ್‌ಬಿ ಪೆನ್ಸಿಲ್ಲಿನಲ್ಲಿ ಬಿಡಿಸಿದ ಸ್ಕೆಚ್ ಮಂಕಾಗಿ ಕಾಣುವುದು ಇದೇ ಕಾರಣಕ್ಕೆ, ನಿಮ್ಮ ಕೈಯ ತಪ್ಪಲ್ಲ. ಆದರೆ ರಬ್ಬರ್ ಮಾತ್ರ ಮೇಜಿನ ಡ್ರಾಯರಿನಲ್ಲೇ ಇರಲಿ. ರಬ್ಬರ್ ಕೈಗೆ ಸಿಕ್ಕರೆ ಹತ್ತು ನಿಮಿಷದಲ್ಲಿ ಏಳು ನಿಮಿಷ ಅಳಿಸುವುದರಲ್ಲೇ ಹೋಗುತ್ತದೆ, ಮತ್ತು ಅಳಿಸುವಾಗ ನೀವು ವಸ್ತುವನ್ನು ನೋಡುತ್ತಿರುವುದಿಲ್ಲ, ಕಾಗದವನ್ನು ನೋಡುತ್ತಿರುತ್ತೀರಿ. ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಹಾಕುವ ಕೈಗಳನ್ನು ನೋಡಿ. ಅಳಿಸುವ ಯೋಚನೆಯೇ ಇಲ್ಲ, ಅದಕ್ಕೇ ಎಳೆ ಅಷ್ಟು ಸರಾಗ. ಒಂದು ಎಳೆ ಆಚೀಚೆ ಆದರೆ ಮುಂದಿನದರಲ್ಲಿ ಸರಿದೂಗಿಸುತ್ತಾರೆ. ಪೆನ್ನಲ್ಲಿ ಬಿಡಿಸುವಾಗಲೂ ಹಾಗೇ ಮಾಡಿ: ಮೊದಲ ಗೆರೆ ತಪ್ಪಿದರೆ ಅದರ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ, ಎರಡೂ ಇರಲಿ. ಎರಡು ಗೆರೆ ಇರುವ ಸ್ಕೆಚ್ಚಿಗೆ ಒಂದು ಜೀವ ಬರುತ್ತದೆ, ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ನೀವೇ ಬಿಡಿಸಿ ನೋಡಿ.

ಪುಸ್ತಕದ ವಿಷಯಕ್ಕೆ ಬರೋಣ. ದುಬಾರಿ ಸ್ಕೆಚ್‌ಬುಕ್ ಕೊಂಡವರು ಅದನ್ನು ಹಾಳು ಮಾಡಲು ಹೆದರಿ ಖಾಲಿಯೇ ಇಟ್ಟಿರುತ್ತಾರೆ. ಅದರ ಬದಲು ನೀವೇ ಒಂದು ಹೊಲಿದುಕೊಳ್ಳಿ. ಎ4 ಜೆರಾಕ್ಸ್ ಹಾಳೆ ಐದು ತಗೊಳ್ಳಿ, ಅಡ್ಡಲಾಗಿ ಎರಡು ಭಾಗ ಕತ್ತರಿಸಿ. ಹತ್ತು ತುಂಡು ಆಯಿತಲ್ಲ, ಅವನ್ನು ಒಟ್ಟಿಗೆ ಜೋಡಿಸಿ ನಡುವೆ ಮಡಚಿ. ಮಡಿಕೆಯ ಗೆರೆಯ ಮೇಲೆ ಮೂರು ಕಡೆ ದಬ್ಬಳದಿಂದ ತೂತು ಮಾಡಿ. ಜೋಡಿ ದಾರ ಪೋಣಿಸಿದ ಸೂಜಿಯನ್ನು ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ ಬನ್ನಿ, ಒಳಗಡೆಯೇ ಉದ್ದಕ್ಕೂ ಇಳಿದು ಕೆಳಗಿನ ತೂತಿನಿಂದ ಹೊರಗೆ ಹೋಗಿ, ಮತ್ತೆ ನಡುವಿನ ತೂತಿನಲ್ಲಿ ಒಳಗೆ ಬಂದು ಗಂಟು ಹಾಕಿ. ರಟ್ಟಿಗೆ ಹಳೆಯ ಮದುವೆ ಕಾಗದ ಇದೆಯಲ್ಲ, ಅದರ ದಪ್ಪ ಕಾರ್ಡು ಹೇಳಿ ಮಾಡಿಸಿದ ಹಾಗಿರುತ್ತದೆ, ಹೊಲಿಯುವಾಗಲೇ ಹೊರಗೆ ಸೇರಿಸಿಬಿಡಿ. 40 ಪುಟದ ಅಂಗೈ ಅಗಲದ ಪುಸ್ತಕ ಸಿದ್ಧ. ಚೀಲದಲ್ಲಿ ಎಲ್ಲಿ ಬೇಕಾದರೂ ಹಿಡಿಸುತ್ತದೆ. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇರುತ್ತದೆ, ಪೆನ್ನಿಗೆ ಸಾಕು, ನೀರುಬಣ್ಣಕ್ಕೆ ಸಾಲದು. ಅದಕ್ಕೆ 300 ಜಿಎಸ್‌ಎಂ ದಪ್ಪದ್ದಾದರೆ ಅಷ್ಟಾಗಿ ಮುದುಡುವುದಿಲ್ಲ.

ಮೊದಲ ಪುಟ ಖಾಲಿ ಬಿಡಿ. ಎರಡನೆಯ ಪುಟದಿಂದ ಶುರು ಮಾಡಿ. ಮೊದಲ ಪುಟ ಚೆನ್ನಾಗಿರಲೇಬೇಕು ಅನ್ನುವ ಭಾರ ಅಲ್ಲಿಗೆ ಇಳಿಯುತ್ತದೆ.

ಹತ್ತು ನಿಮಿಷ ಎಲ್ಲಿಂದ ತರುವುದು

ಬೆಳಿಗ್ಗೆ ಐದಕ್ಕೆ ಎದ್ದು ಸ್ಕೆಚ್ ಮಾಡುತ್ತೇನೆ ಅಂತ ಶಪಥ ಮಾಡಬೇಡಿ. ದಿನದಲ್ಲಿ ಆಗಲೇ ಇರುವ ಕಾಯುವ ಹೊತ್ತನ್ನು ಹಿಡಿಯಿರಿ. ಕುಕ್ಕರ್ ಕೂಗುವ ತನಕ, ಮಗುವಿನ ಸಂಗೀತ ಕ್ಲಾಸು ಮುಗಿಯುವ ತನಕ, ಬ್ಯಾಂಕಿನಲ್ಲಿ ಟೋಕನ್ ನಂಬರ್ ಬರುವ ತನಕ, ಬಸ್ ಬರುವ ತನಕ. ಆ ಹೊತ್ತಿನಲ್ಲಿ ಈಗ ಏನು ಮಾಡುತ್ತಿದ್ದೀರಿ ಅಂತ ನಿಮಗೇ ಗೊತ್ತು, ಕೈ ತಾನಾಗಿ ಫೋನಿಗೆ ಹೋಗುತ್ತದೆ. ಹಾಗಾಗಿ ಫೋನ್ ಇಡುವ ಜಾಗದಲ್ಲೇ ಪುಸ್ತಕ ಇಡಿ. ಪೆನ್ನನ್ನು ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಡಿ. ಪುಸ್ತಕ ಇದ್ದು ಪೆನ್ ಇಲ್ಲದೆ ಹೋದ ದಿನ ಸ್ಕೆಚ್ ತಪ್ಪಿತು ಅಂತಲೇ ಲೆಕ್ಕ.

ಹತ್ತು ನಿಮಿಷ ಆದಮೇಲೆ ನಿಲ್ಲಿಸಿ. ಅರ್ಧ ಆಗಿದ್ದರೂ ನಿಲ್ಲಿಸಿ. ತಾರೀಕು, ಜಾಗ, ಗಂಟೆ ಬರೆಯಿರಿ, ಬೇಕಿದ್ದರೆ ಪಕ್ಕದ ಮೇಜಿನವರು ಆಡಿದ ಒಂದು ಮಾತನ್ನೂ ಬರೆದಿಡಿ. ಆರು ತಿಂಗಳ ಮೇಲೆ ನೋಡಿದಾಗ ಆ ಮಾತಿನಿಂದಲೇ ಇಡೀ ಹೊತ್ತು ನೆನಪಾಗುತ್ತದೆ.

ಮೊದಲ ವಾರ: ಒಂದು ಸ್ಟೀಲ್ ಲೋಟ

ಏನು ಬಿಡಿಸಲಿ ಅಂತ ಯೋಚಿಸುತ್ತಾ ಕೂತರೆ ಹತ್ತು ನಿಮಿಷ ಅಲ್ಲೇ ಮುಗಿಯುತ್ತದೆ. ನಾನೇ ಹೇಳಿಬಿಡುತ್ತೇನೆ: ಮೊದಲ ವಾರ ಪೂರ್ತಿ ಕಾಫಿ ಲೋಟ. ದಿನಾ ಅದೇ ಲೋಟ. ನೋಡಲು ಸುಲಭ, ಬಿಡಿಸಲು ಕಷ್ಟ, ಮತ್ತು ಕಲಿಯಬೇಕಾದ್ದು ಮುಕ್ಕಾಲು ಪಾಲು ಅದರಲ್ಲೇ ಇದೆ.

ಲೋಟವನ್ನು ಮೇಜಿನ ಮೇಲೆ, ಒಂದು ಮೊಳ ದೂರದಲ್ಲಿ ಇಡಿ. ಬಾಯಿ ನೋಡಿ. ಲೋಟದ ಬಾಯಿ ದುಂಡಗಿದೆ ಅಂತ ನಮಗೆ ಗೊತ್ತು, ಆದರೆ ನೀವು ಕೂತ ಜಾಗದಿಂದ ಕಾಣುತ್ತಿರುವುದು ದುಂಡು ಅಲ್ಲ, ಅಡ್ಡಕ್ಕೆ ಚಪ್ಪಟೆಯಾದ ಮೊಟ್ಟೆಯಾಕಾರ. ಎದ್ದು ನಿಂತು ನೋಡಿ, ಅದು ದುಂಡಗಾಗುತ್ತಾ ಬರುತ್ತದೆ. ಬಗ್ಗಿ, ಕಣ್ಣನ್ನು ಲೋಟದ ಬಾಯಿಯ ಮಟ್ಟಕ್ಕೇ ತನ್ನಿ. ಈಗ ಅದು ಬರೀ ಒಂದು ನೇರ ಗೆರೆ. ಮತ್ತೆ ಸರಿಯಾಗಿ ಕೂರಿ. ಈ ಮೂರನ್ನು ಕಣ್ಣಾರೆ ನೋಡದೆ ಪೆನ್ ಎತ್ತಬೇಡಿ.

ಈಗ ಅಳತೆ. ಪೆನ್ ಹಿಡಿದ ಕೈಯನ್ನು ಮೊಣಕೈ ಮಡಚದಂತೆ ಮುಂದಕ್ಕೆ ಚಾಚಿ, ಒಂದು ಕಣ್ಣು ಮುಚ್ಚಿ. ಪೆನ್ನಿನ ತುದಿಯನ್ನು ಲೋಟದ ಬಾಯಿಯ ಎಡ ಅಂಚಿಗೆ ತಾಗಿಸಿದ ಹಾಗೆ ಹಿಡಿದು, ಬಲ ಅಂಚು ಬರುವಲ್ಲಿ ಹೆಬ್ಬೆರಳ ಉಗುರನ್ನು ಇಡಿ. ಅದು ಅಗಲ. ಕೈ ಹಾಗೇ ಇರಲಿ, ಪೆನ್ನನ್ನು ನಿಲ್ಲಿಸಿ ಎತ್ತರದಲ್ಲಿ ಈ ಅಗಲ ಎಷ್ಟು ಸಲ ಬರುತ್ತದೆ ನೋಡಿ. ಒಂದೂಕಾಲು ಸಲ ಅಂದುಕೊಳ್ಳೋಣ. ಹಾಗಾದರೆ ಕಾಗದದ ಮೇಲೂ ಒಂದೂಕಾಲೇ ಇರಬೇಕು. ಚಿತ್ರ ಸರಿ ಕಾಣುತ್ತಿಲ್ಲ ಅನ್ನುವವರಲ್ಲಿ ಹೆಚ್ಚಿನವರಿಗೆ ತಪ್ಪುವುದು ಇದೇ, ಅಗಲಕ್ಕೂ ಎತ್ತರಕ್ಕೂ ಇರುವ ಲೆಕ್ಕ. ಕೈ ನಡುಗುತ್ತದೆ, ಗೆರೆ ನೇರ ಬರುವುದಿಲ್ಲ ಅನ್ನುವುದೆಲ್ಲ ಆಮೇಲಿನ ಮಾತು. ಗೆರೆ ನಡುಗಿದ್ದರೂ ಅಳತೆ ಸರಿಯಿದ್ದರೆ ಅದು ನಿಮ್ಮ ಮನೆಯ ಲೋಟದ ಹಾಗೇ ಕಾಣುತ್ತದೆ.

ಕಾಗದದ ಮೇಲೆ ಮೊದಲು ಒಂದು ತೆಳು ನಿಲುವುಗೆರೆ. ಅದರ ಎರಡೂ ಕಡೆ ಲೋಟ ಸಮ ಇರಬೇಕು. ಮೇಲೆ ಬಾಯಿಯ ಆಕಾರ, ಕೈಯನ್ನು ಗಾಳಿಯಲ್ಲಿ ಎರಡು ಮೂರು ಸುತ್ತು ಸುತ್ತಿಸಿ ಆ ಓಟದಲ್ಲೇ ಕಾಗದಕ್ಕೆ ಇಳಿಸಿ. ಎಡ ಬಲ ತುದಿಗಳು ಚೂಪಾಗಬಾರದು. ಹೊಸಬರು ಬಾಳೆಹಣ್ಣಿನ ತುದಿಯ ಹಾಗೆ ಚೂಪು ಮಾಡಿಬಿಡುತ್ತಾರೆ, ಎಷ್ಟು ಚಪ್ಪಟೆಯಾದರೂ ತುದಿಯಲ್ಲಿ ಒಂದು ಸಣ್ಣ ತಿರುವು ಇದ್ದೇ ಇರುತ್ತದೆ.

ಆಮೇಲೆ ತಳ. ಇಲ್ಲಿ ಬಹಳ ಜನ ಒಂದು ನೇರ ಗೆರೆ ಎಳೆದುಬಿಡುತ್ತಾರೆ, ಲೋಟ ಮೇಜಿನ ಮೇಲೆ ಕೂತಿದೆ ಅಲ್ವಾ, ಮೇಜು ಸಪಾಟಾಗಿದೆ ಅಲ್ವಾ ಅಂತ. ಆದರೆ ತಳವೂ ದುಂಡಗಿದೆ. ಅದು ನಿಮ್ಮ ಕಣ್ಣಿನ ಮಟ್ಟದಿಂದ ಲೋಟದ ಬಾಯಿಗಿಂತಲೂ ಕೆಳಗಿದೆ, ಅದಕ್ಕೇ ತಳದ ಬಾಗು ಬಾಯಿಯ ಬಾಗಿಗಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಲೋಟ ಗಾಜಿನದು ಅಂದುಕೊಂಡು ತಳದ ಪೂರ್ತಿ ಸುತ್ತನ್ನು ತೆಳುವಾಗಿ ಬಿಡಿಸಿ, ಕಾಣುವ ಮುಂಭಾಗವನ್ನು ಮಾತ್ರ ಗಟ್ಟಿ ಮಾಡಿ. ಒಳಗಿನ ಕಾಫಿಯ ಮಟ್ಟವೂ ಇನ್ನೊಂದು ಸುತ್ತು, ಬಾಯಿಗಿಂತ ಒಂದು ಚೂರು ದುಂಡಗೆ. ಬಾಯಿಯ ಅಂಚಿನಲ್ಲಿ ಸ್ಟೀಲನ್ನು ಮಡಚಿ ಸುತ್ತಿರುತ್ತಾರಲ್ಲ, ಆ ದಪ್ಪಕ್ಕೆ ಪಕ್ಕದಲ್ಲೇ ಇನ್ನೊಂದು ಗೆರೆ ಬೇಕು. ಆ ಒಂದು ಗೆರೆ ಬಿದ್ದ ಕೂಡಲೇ ಕಾಗದದ ಲೋಟ ಸ್ಟೀಲ್ ಲೋಟ ಆಗುತ್ತದೆ.

ಹೊಳಪು ಕೊನೆಗೆ. ಸ್ಟೀಲಿನಲ್ಲಿ ಕಾಣುವ ಎಲ್ಲ ನೆರಳನ್ನೂ ಬಿಡಿಸಲು ಹೋಗಬೇಡಿ, ಅದರಲ್ಲಿ ನಿಮ್ಮ ಮುಖ, ಕಿಟಕಿ, ಟ್ಯೂಬ್‌ಲೈಟ್ ಎಲ್ಲ ಇರುತ್ತದೆ. ಕಣ್ಣನ್ನು ಕಿರಿದು ಮಾಡಿ ನೋಡಿ. ಸಣ್ಣಪುಟ್ಟದ್ದೆಲ್ಲ ಮಾಯವಾಗಿ ಮೇಲಿಂದ ಕೆಳಗೆ ಇಳಿಯುವ ಎರಡು ಮೂರು ಪಟ್ಟೆ ಮಾತ್ರ ಉಳಿಯುತ್ತವೆ. ಅದರಲ್ಲಿ ಅತಿ ಕಪ್ಪಿನದು ಯಾವುದೋ ಅದನ್ನು ಒತ್ತಿ ಕಪ್ಪು ಮಾಡಿ, ಅದರ ಪಕ್ಕದ ಬಿಳಿಯನ್ನು ಖಾಲಿ ಕಾಗದವಾಗಿ ಹಾಗೇ ಬಿಡಿ. ಹೊಳಪನ್ನು ಬಿಡಿಸಲು ಆಗುವುದಿಲ್ಲ, ಕಪ್ಪಿನ ಪಕ್ಕ ಬಿಳಿ ಬಿಟ್ಟಾಗ ಅದು ತಾನಾಗಿ ಬರುತ್ತದೆ.

ಏಳನೆಯ ದಿನದ ಲೋಟವನ್ನು ಮೊದಲ ದಿನದ ಪಕ್ಕದಲ್ಲಿ ಇಟ್ಟು ನೋಡಿ. ಒಂದೇ ವಸ್ತು ಮತ್ತೆ ಮತ್ತೆ ಯಾಕೆ ಅಂದರೆ ಇದಕ್ಕೇ. ದಿನಾ ಬೇರೆ ಬೇರೆ ಬಿಡಿಸಿದರೆ ಕೈ ಸುಧಾರಿಸಿತೋ ಅಥವಾ ವಸ್ತು ಸುಲಭ ಇತ್ತೋ ಗೊತ್ತೇ ಆಗುವುದಿಲ್ಲ.

ಕಾಗದ ನೋಡದೆ ಬಿಡಿಸುವುದು

ಎರಡನೆಯ ವಾರ ಒಂದು ವಿಚಿತ್ರ ಅಭ್ಯಾಸ. ನಿಮ್ಮ ಎಡಗೈಯನ್ನು ಮೇಜಿನ ಮೇಲೆ ಇಡಿ, ಬೆರಳು ಸ್ವಲ್ಪ ಮಡಚಿರಲಿ. ಕಣ್ಣನ್ನು ಮಣಿಕಟ್ಟಿನ ಅಂಚಿನ ಮೇಲೆ ಇಟ್ಟು, ಪೆನ್ನನ್ನು ಕಾಗದದ ಮೇಲೆ ಊರಿ, ಕಣ್ಣು ಎಷ್ಟು ನಿಧಾನಕ್ಕೆ ಅಂಚಿನ ಉದ್ದಕ್ಕೂ ಹೋಗುತ್ತದೋ ಅಷ್ಟೇ ನಿಧಾನಕ್ಕೆ ಪೆನ್ನನ್ನೂ ಸಾಗಿಸಿ. ಕಾಗದವನ್ನು ನೋಡುವಂತಿಲ್ಲ. ಒಂದು ಸಲವೂ ನೋಡುವಂತಿಲ್ಲ. ಉಗುರಿನ ಬುಡ ಬಂದಾಗ ಅದರ ಸಣ್ಣ ತಿರುವು, ಬೆರಳ ಗೆಣ್ಣಿನ ಮೇಲಿನ ಸುಕ್ಕು, ಎಲ್ಲದರ ಮೇಲೂ ಕಣ್ಣು ಹೋಗಬೇಕು. ಐದು ನಿಮಿಷದ ಮೇಲೆ ಕಾಗದ ನೋಡಿದರೆ ಕೈ ಕೈಯ ಹಾಗೆ ಇರುವುದಿಲ್ಲ, ಹೆಬ್ಬೆರಳು ಎಲ್ಲೋ, ಕಿರುಬೆರಳು ಎಲ್ಲೋ. ಆದರೆ ಅದರೊಳಗಿನ ಒಂದೊಂದು ತುಂಡನ್ನೂ ಹತ್ತಿರದಿಂದ ನೋಡಿ: ಆ ಸುಕ್ಕು ಸುಕ್ಕೇ, ಆ ಗೆಣ್ಣು ಗೆಣ್ಣೇ. ನೆನಪಿನಿಂದ ಬಿಡಿಸಿದ ಬೆರಳಿನಲ್ಲಿ ಅಷ್ಟು ನಿಜ ಇರುವುದಿಲ್ಲ. ಸ್ಕೆಚ್ ಕಲಿಸಲು ಈ ಅಭ್ಯಾಸವನ್ನು ಬಹಳ ಕಡೆ ಬಳಸುತ್ತಾರೆ, ನನ್ನ ಪ್ರಕಾರ ಇಷ್ಟು ಬೇಗ ಕಣ್ಣು ತೆರೆಸುವ ಇನ್ನೊಂದು ಅಭ್ಯಾಸ ಇಲ್ಲ.

ಇದರ ಜೊತೆಗೆ ಇನ್ನೊಂದು. ಪ್ಲಾಸ್ಟಿಕ್ ಕುರ್ಚಿ ಬಿಡಿಸುವಾಗ ಕುರ್ಚಿಯನ್ನು ಬಿಡಿಸಬೇಡಿ. ಕಾಲುಗಳ ನಡುವೆ ಕಾಣುವ ಖಾಲಿ ಜಾಗದ ಆಕಾರ ಬಿಡಿಸಿ, ಬೆನ್ನಿನ ಪಟ್ಟಿಗಳ ನಡುವಿನ ಸಂದಿಗಳನ್ನು ಬಿಡಿಸಿ. ಕುರ್ಚಿ ಹೇಗಿರುತ್ತದೆ ಅಂತ ತಲೆಗೆ ಗೊತ್ತು, ಸಂದಿ ಹೇಗಿರುತ್ತದೆ ಅಂತ ಗೊತ್ತಿಲ್ಲ, ಹಾಗಾಗಿ ಅದನ್ನು ನೋಡಲೇಬೇಕಾಗುತ್ತದೆ. ಬಾಗಿಲ ಹತ್ತಿರ ಬಿಟ್ಟ ಚಪ್ಪಲಿಗಳ ರಾಶಿಯೂ ಇದಕ್ಕೆ ಒಳ್ಳೆಯದು. ಮನೆಯಲ್ಲಿ ಪೂಜೆಯೋ ನಾಮಕರಣವೋ ಇದ್ದ ದಿನ ಅಲ್ಲಿ ಹೋಗಿ ಕೂರಿ, ಒಂದರ ಮೇಲೊಂದು ಬಿದ್ದ ಚಪ್ಪಲಿಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದನ್ನು ಬಿಡಿಸುವುದೇ ಒಂದು ಪಾಠ.

ಜನರನ್ನು ಬಿಡಿಸುವುದು

ಎಲ್ಲರೂ ಹೆದರುವುದು ಇಲ್ಲೇ. ಅಲುಗಾಡುತ್ತಾರೆ, ನೋಡಿಬಿಡುತ್ತಾರೆ, ಹೋಲುವುದಿಲ್ಲ.

ಹೋಲಬೇಕು ಅನ್ನುವುದನ್ನು ಮೊದಲು ಬಿಡಿ. ಮುಖ ಬೇಡ, ಭಂಗಿ ಸಾಕು. ಬಸ್ ಸ್ಟಾಪಿನಲ್ಲಿ ಫೋನ್ ನೋಡುತ್ತಾ ನಿಂತವರು ಕಲ್ಲಿನ ಹಾಗೆ ನಿಂತಿರುತ್ತಾರೆ, ಅವರಿಂದ ಶುರು ಮಾಡಿ. ಮೊದಲ ಗೆರೆ ತಲೆಯ ಹಿಂಭಾಗದಿಂದ ಕತ್ತು, ಬೆನ್ನು, ಸೊಂಟದ ತನಕ, ಒಂದೇ ಗೆರೆ. ಫೋನ್ ನೋಡುವವರ ಕತ್ತು ಮುಂದಕ್ಕೆ ಬಾಗಿರುತ್ತದೆ, ಆ ಬಾಗು ಸಿಕ್ಕರೆ ಅರ್ಧ ಕೆಲಸ ಆಯಿತು. ಎರಡನೆಯದು ಭಾರ ಯಾವ ಕಾಲಿನ ಮೇಲಿದೆ ಅನ್ನುವುದು. ಭಾರ ಹೊತ್ತ ಕಾಲು ನೇರ ಇರುತ್ತದೆ, ಆ ಕಡೆಯ ಸೊಂಟ ಮೇಲೆ ಎದ್ದಿರುತ್ತದೆ, ಇನ್ನೊಂದು ಕಾಲು ಸಡಿಲ. ಮೂರನೆಯದು ಕೈ. ಆಮೇಲೆ ಬಟ್ಟೆ, ಚೀಲ. ಅವರು ಭಂಗಿ ಬದಲಿಸಿದರೆ ಪಕ್ಕದಲ್ಲಿ ಹೊಸದು ಶುರು ಮಾಡಿ. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನ ಭಂಗಿಗೇ ಬರುತ್ತಾರೆ, ಕಾಯುವ ಮನುಷ್ಯನಿಗೆ ಇರುವುದು ಎರಡೋ ಮೂರೋ ಭಂಗಿ ಅಷ್ಟೇ, ಆಗ ಹಳೆಯದನ್ನು ಮುಂದುವರಿಸಿ.

ಮುಖ ಬಿಡಿಸಲೇಬೇಕು ಅನಿಸಿದರೆ ಒಂದು ವಿಷಯ ನೆನಪಿಡಿ: ಕಣ್ಣು ಇರುವುದು ತಲೆಯ ನಟ್ಟನಡುವೆ. ನೆತ್ತಿಯಿಂದ ಗಲ್ಲಕ್ಕೆ ಅಳೆದರೆ ಸುಮಾರು ಅರ್ಧಕ್ಕೆ ಕಣ್ಣು ಬರುತ್ತದೆ. ನಾವು ಕಣ್ಣು ಮೂಗು ಬಾಯಿಗೆ ಕೊಡುವ ಗಮನವನ್ನು ಹಣೆಗೆ, ಕೂದಲಿಗೆ ಕೊಡುವುದಿಲ್ಲ, ಹಾಗಾಗಿ ಕಣ್ಣನ್ನು ತುಂಬ ಮೇಲೆ ಇಟ್ಟು ತಲೆಯನ್ನು ಮೊಟಕು ಮಾಡಿಬಿಡುತ್ತೇವೆ.

ಗೆರೆಯಲ್ಲಿ ಚಲನೆ ಹಿಡಿಯುವುದು ಹೇಗೆ ಅಂತ ನೋಡಬೇಕಿದ್ದರೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ದೊಡ್ಡ ದೊಡ್ಡ ವರ್ಣಚಿತ್ರ ಮಾಡಿದವರು. ಆದರೆ ಕುಣಿಯುವವರನ್ನು ಅವರು ನಾಲ್ಕೈದು ಗೆರೆಯಲ್ಲಿ ಹಿಡಿದಿರುವ ಪರಿ ನೋಡಿದರೆ ಮೈ ಜುಮ್ಮೆನ್ನುತ್ತದೆ. ಲಯ ಅರ್ಥ ಆಗಬೇಕು ಅಂತ ಕಥಕ್ ಕಲಿತವರು ಅವರು. ಆ ಗೆರೆಗಳನ್ನು ಒಂದು ದಿನ ನಿಮ್ಮ ಪುಸ್ತಕದಲ್ಲಿ ನಕಲು ಮಾಡಿ. ಎಲ್ಲಿ ಗೆರೆ ಎತ್ತಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಅನ್ನುವುದು ನಕಲು ಮಾಡುವಾಗಲೇ ಗೊತ್ತಾಗುವುದು.

ಅಲುಗಾಡುವ ಜನರಿಗಿಂತ ಮೊದಲು ಕಾಗೆ ಹಿಡಿಯುತ್ತೇನೆ ಅನ್ನುವವರಿಗೆ ಒಳ್ಳೆಯ ಜೊತೆ ಇದೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಹುಡುಗನಾಗಿದ್ದಾಗಿನಿಂದ ಕಾಗೆ ಬಿಡಿಸಿದವರು, ದೊಡ್ಡ ಹೆಸರು ಬಂದಮೇಲೂ ಬಿಡಲಿಲ್ಲ. ನಮ್ಮ ಕೊರವಂಜಿ ಹಾಸ್ಯಪತ್ರಿಕೆಗೂ ಶುರುವಿನ ದಿನಗಳಲ್ಲಿ ಅವರು ಚಿತ್ರ ಬರೆದಿದ್ದರು. ಕಾಗೆಯಂಥ ಮಾಡೆಲ್ ಇನ್ನೊಂದಿಲ್ಲ. ಅನ್ನ ಇಟ್ಟರೆ ಕಾಂಪೌಂಡಿಗೆ ತಾನೇ ಬರುತ್ತದೆ, ಕಪ್ಪಾಗಿರುವುದರಿಂದ ಹೊರ ಆಕಾರವೇ ಎಲ್ಲ, ಕತ್ತು ಓರೆ ಮಾಡಿ ನೋಡುವ ಆ ನೋಟದಲ್ಲಿ ಎಷ್ಟು ಗುಣ ಇದೆ! ಮೊದಲು ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಒಂದು ಗೆರೆ, ಅದರ ಓರೆ ಎಷ್ಟು ಅಂತ ನೋಡಿ. ಕಾಲು ಹೊಟ್ಟೆಯ ಯಾವ ಜಾಗದಿಂದ ಇಳಿದಿದೆ ನೋಡಿ. ಅದು ತಪ್ಪಿದರೆ ಕಾಗೆ ಮುಂದಕ್ಕೆ ಮುಗ್ಗರಿಸಿದ ಹಾಗೆ ಕಾಣುತ್ತದೆ.

ಇನ್ನು ನಡವಳಿಕೆ. ಯಾರನ್ನಾದರೂ ಬಿಡಿಸುವಾಗ ಅವರು ನೋಡಿದರೆ ನಕ್ಕು ಪುಸ್ತಕ ತೋರಿಸಿ. ನಮ್ಮ ಕಡೆ ಜನ ಹೆಚ್ಚಾಗಿ ಖುಷಿಪಡುತ್ತಾರೆ, "ಇವ್ರದ್ದೂ ಒಂದು ಬರ್ದುಕೊಡಿ" ಅಂತ ಪಕ್ಕದವರನ್ನು ಕರೆಯುತ್ತಾರೆ. ಮುಖ ತಿರುಗಿಸಿಕೊಂಡರೆ ಅಲ್ಲಿಗೇ ನಿಲ್ಲಿಸಿ. ಮಕ್ಕಳಾದರೆ ಜೊತೆಗಿದ್ದವರನ್ನು ಕೇಳಿ. ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಬೇಡ. ಕಾವಲಿನವರು ಇಲ್ಲಿ ಕೂರಬೇಡಿ ಅಂದರೆ ವಾದ ಮಾಡದೆ ಎದ್ದುಬಿಡಿ. ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಒಂದು ಮಾತು: ಬೆನ್ನಿಗೆ ಗೋಡೆ ಇರುವ ಜಾಗ ಹಿಡಿಯಿರಿ, ಇಲ್ಲವೇ ಹೋಟೆಲ್ಲಿನ ಕಿಟಕಿ ಪಕ್ಕದ ಮೇಜು. ಹಿಂದೆ ಬಂದು ಇಣುಕುವವರ ಕಾಟ ತಪ್ಪುತ್ತದೆ, ಕಾಫಿಯೂ ಆಗುತ್ತದೆ.

ಮರ

ಮರ ಬಿಡಿಸುವಾಗ ಎಲೆಯಿಂದ ಶುರು ಮಾಡಿದರೆ ಕೆಟ್ಟಿತು. ಕಣ್ಣು ಕಿರಿದು ಮಾಡಿ. ಒಂದು ಮಳೆಮರ ಎದುರಿಗಿದ್ದರೆ ಅದು ಐದಾರು ದೊಡ್ಡ ಗುಪ್ಪೆಗಳಾಗಿ ಕಾಣುತ್ತದೆ, ಪ್ರತಿ ಗುಪ್ಪೆಯ ಮೇಲ್ಭಾಗ ಬೆಳಕು, ತಳಭಾಗ ಕಪ್ಪು. ಆ ಕಪ್ಪನ್ನು ಮಾತ್ರ ಗೀಚಿ. ಗುಪ್ಪೆಗಳ ನಡುವೆ ಆಕಾಶ ಕಾಣುವ ಕಿಂಡಿಗಳನ್ನು ಹಾಗೇ ಬಿಡಿ, ಕೊಂಬೆ ಆ ಕಿಂಡಿಗಳಲ್ಲಿ ಮಾತ್ರ ಕಾಣಲಿ. ಕೊಂಬೆ ಕವಲೊಡೆದಲ್ಲೆಲ್ಲ ತೆಳುವಾಗುತ್ತದೆ, ಎರಡು ಕವಲಿನ ನಡುವೆ ಅಷ್ಟಾಗಿ ತೆಳುವಾಗುವುದಿಲ್ಲ. ಇಷ್ಟು ಮಾಡಿದರೆ ಅಂಚಿನಲ್ಲಿ ಹತ್ತೋ ಹದಿನೈದೋ ಎಲೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಬೆಂಗಳೂರಿನವರಿಗೆ ಈ ವಿಷಯದಲ್ಲಿ ಅದೃಷ್ಟ ಜಾಸ್ತಿ. ಫೆಬ್ರುವರಿಯಿಂದ ಮೇ ತನಕ ಟಬೂಬಿಯಾ, ಜಕರಾಂಡ, ಗುಲ್‌ಮೊಹರ್ ಒಂದಾದ ಮೇಲೊಂದು ರಸ್ತೆಯಲ್ಲೇ ಅರಳುತ್ತವೆ. ಈ ಊರಿನ ಹೂಮರಗಳನ್ನು ರುಮಾಲೆ ಚನ್ನಬಸವಯ್ಯನವರು ಬಣ್ಣದಲ್ಲಿ ತುಂಬಿ ತುಂಬಿ ಬಿಡಿಸಿದ್ದಾರೆ. ಅವುಗಳನ್ನು ನೋಡಿ ಬಂದು ಅದೇ ಜಾತಿಯ ಮರದ ಕೆಳಗೆ ಕೂತರೆ ಕಣ್ಣಿಗೆ ಬೇರೆಯೇ ಕಾಣುತ್ತದೆ.

ಫೋಟೋ ಯಾಕೆ ಬೇಡ

ಇದಕ್ಕೆ ಎಲ್ಲರೂ ಜಗಳಕ್ಕೆ ಬರುತ್ತಾರೆ. ಫೋಟೋ ನೋಡಿ ಬಿಡಿಸುವುದು ಪಾಪ ಅಂತ ನಾನು ಹೇಳುತ್ತಿಲ್ಲ. ಆದರೆ ಮೂರು ಆಯಾಮದ ಲೋಟವನ್ನು ಸಪಾಟು ಕಾಗದಕ್ಕೆ ಇಳಿಸುವುದೇ ನಾವು ಕಲಿಯಬೇಕಾದ ಕೆಲಸ, ಆ ಕೆಲಸವನ್ನು ಕ್ಯಾಮೆರಾ ಆಗಲೇ ಮಾಡಿಬಿಟ್ಟಿರುತ್ತದೆ. ನಿಮಗೆ ಉಳಿಯುವುದು ನಕಲು ಮಾತ್ರ. ಅದೂ ಅಲ್ಲದೆ ಫೋಟೋದಲ್ಲಿ ಎಲ್ಲವೂ ಒಂದೇ ಅಂತರದಲ್ಲಿರುತ್ತದೆ. ಎದುರಿಗೆ ಕೂತಾಗ ಕಣ್ಣು ಒಂದರ ಮೇಲೆ ನಿಲ್ಲುತ್ತದೆ, ಇನ್ನೊಂದನ್ನು ಬಿಡುತ್ತದೆ, ಏನು ಬಿಡಬೇಕು ಅನ್ನುವುದು ಅಲ್ಲೇ ತೀರ್ಮಾನ ಆಗುತ್ತದೆ. ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೋ 2007ರಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗ ಇವತ್ತು ಜಗತ್ತಿನ ನೂರಾರು ಊರುಗಳಲ್ಲಿದೆ, ಬೆಂಗಳೂರಿನಲ್ಲೂ ಇದೆ. ಅವರ ಮುಖ್ಯ ನಿಯಮ ಇದೇ, ಸ್ಥಳದಲ್ಲೇ ಕೂತು, ಕಣ್ಣಾರೆ ನೋಡಿ ಬಿಡಿಸಬೇಕು.

ಮಳೆಗಾಲ, ತಪ್ಪಿದ ದಿನ, ದೂರದ ಊರು

ಕರಾವಳಿ, ಮಲೆನಾಡಿನವರಿಗೆ ಜೂನ್ ಬಂದರೆ ಕಾಗದವೇ ಮೆತ್ತಗಾಗಿಬಿಡುತ್ತದೆ, ಜೆಲ್ ಪೆನ್ನಿನಂಥ ನೀರಿನ ಇಂಕು ಇರುವೆ ಕಾಲಿನ ಹಾಗೆ ಹರಡುತ್ತದೆ. ಆ ಮೂರು ತಿಂಗಳು ಪೆನ್ನು ಬಿಟ್ಟು 4ಬಿ ಪೆನ್ಸಿಲ್ ಹಿಡಿಯಿರಿ, ಪುಸ್ತಕವನ್ನು ಬಾಯಿ ಮುಚ್ಚಿದ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಮನೆಯೊಳಗೇ ಬಿಡಿಸಲು ಬೇಕಾದಷ್ಟಿದೆ. ಒಣಗಲು ಹಾಕಿದ ಬಟ್ಟೆಯ ಸಾಲು, ಮೂಲೆಯಲ್ಲಿ ಬಿಚ್ಚಿಟ್ಟ ಕೊಡೆ, ಮಾಡಿನಿಂದ ಇಳಿಯುವ ನೀರನ್ನು ಹಿಡಿಯಲು ಇಟ್ಟ ಬಕೆಟ್ಟು. ಕೊಡೆಯ ಕಡ್ಡಿಗಳಂತೂ ಲೋಟದ ಪಾಠದ ಮುಂದಿನ ಭಾಗ.

ಒಂದು ದಿನ ತಪ್ಪಿದರೆ ಮರುದಿನ ಎರಡು ಬಿಡಿಸಬೇಡಿ. ಸಾಲ ತೀರಿಸುವ ಕೆಲಸ ಶುರುವಾದರೆ ಸ್ಕೆಚ್ ಬೇಗ ಬೇಸರವಾಗುತ್ತದೆ. ಸುಮ್ನೆ ಮುಂದಿನ ಪುಟಕ್ಕೆ ಹೋಗಿ. ಜ್ವರ ಬಂದ ದಿನ ಮಾತ್ರೆಯ ಸ್ಟ್ರಿಪ್ ಬಿಡಿಸಿದರೂ ಆಯಿತು.

ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವವರು ಇಲ್ಲಿ ಬಿಡಿಸುವಂಥದ್ದು ಏನಿದೆ ಅಂತ ಕೇಳುತ್ತಾರೆ. ಊರಿನಿಂದ ಹೊತ್ತು ತಂದ ಒಗ್ಗರಣೆ ಸೌಟು ಇದೆಯಲ್ಲ, ಅಡಿಗೆಮನೆ ಕಿಟಕಿಯಾಚೆ ಹಿಮವೋ ಮರಳೋ ಇದೆಯಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬಿಡಿಸಿ.

ಬಿಡಿಸಿದ್ದನ್ನೆಲ್ಲ ಇನ್‌ಸ್ಟಾಗ್ರಾಂಗೆ ಹಾಕುವುದು ಒಂದು ಪುಸ್ತಕ ತುಂಬುವ ತನಕ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲೈಕು ಬರುವಂಥದ್ದನ್ನೇ ಹುಡುಕಲು ಕಣ್ಣು ಶುರು ಮಾಡುತ್ತದೆ, ಲೋಟ ಬಿಟ್ಟು ಅರಮನೆಗೆ ಹೋಗುತ್ತದೆ. ತೋರಿಸಲೇಬೇಕು ಅನಿಸಿದರೆ ಮನೆಯವರಿಗೆ ತೋರಿಸಿ, ಅಥವಾ ಸ್ಕೆಚ್ ಮಾಡುವ ಇನ್ನೊಬ್ಬರ ಜೊತೆ ಪುಸ್ತಕ ಬದಲಾಯಿಸಿಕೊಂಡು ನೋಡಿ.

ರಜೆಯ ದಿನ ಎರಡು ಗಂಟೆ ಸಿಕ್ಕರೆ

ಹತ್ತಿರದ ಮಾರುಕಟ್ಟೆಗೆ ಹೋಗಿ. ಮೈಸೂರಿನ ದೇವರಾಜ ಮಾರುಕಟ್ಟೆಯ ಬಾಳೆಗೊನೆಯ ಅಂಗಡಿಗಳು, ಕುಂಕುಮದ ಗೋಪುರಗಳು, ಹೂ ಕಟ್ಟುವ ಕೈಗಳು, ಒಂದೊಂದು ಒಂದು ವಾರಕ್ಕೆ ಸಾಕು. ಬೇಲೂರು, ಹಳೇಬೀಡಿಗೆ ಹೋದರೆ ಶಿಲಾಬಾಲಿಕೆಯಿಂದ ಶುರು ಮಾಡಬೇಡಿ, ಆ ಕುಸುರಿ ನೋಡಿದರೆ ಕೈ ನಡುಗುತ್ತದೆ. ನವರಂಗದ, ಅಂದರೆ ಗುಡಿಯ ಒಳಗಿನ ಕಂಬಗಳ ಮಂಟಪದ, ಒಂದು ಕಂಬ ಆರಿಸಿಕೊಳ್ಳಿ. ಹೊಯ್ಸಳರ ಆ ಬಳಪದ ಕಲ್ಲಿನ ಕಂಬಗಳನ್ನು ತಿರುಗಣೆಗೆ ಕೊಟ್ಟು ಉಜ್ಜಿದ್ದಾರೆ, ಮೇಲಿಂದ ಕೆಳಗೆ ಉಬ್ಬು ತಗ್ಗುಗಳ ಸುತ್ತುಗಳೇ. ಅಂದರೆ ಲೋಟದ ಪಾಠವೇ, ಒಂದರ ಮೇಲೊಂದು. ಕಣ್ಣಿನ ಮಟ್ಟದ ಸುತ್ತು ನೇರ ಗೆರೆ, ಕೆಳಗಿನವು ಕೆಳಕ್ಕೆ ಬಾಗುತ್ತವೆ, ಮೇಲಿನವು ಮೇಲಕ್ಕೆ.

ಹೊರಾಂಗಣದಲ್ಲಿ ಕೂರುವುದಾದರೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಬಿಸಿಲು ಓರೆಯಾಗಿರುವಾಗ ನೆರಳು ಉದ್ದ ಬೀಳುತ್ತದೆ, ಗೋಡೆಯ ಉಬ್ಬುತಗ್ಗು ಎದ್ದು ಕಾಣುತ್ತದೆ. ಆ ನೆರಳು ಅರ್ಧ ಗಂಟೆಯಲ್ಲಿ ಜಾಗ ಬದಲಿಸುತ್ತದೆ, ಹಾಗಾಗಿ ಆಕಾರ ಆದ ತಕ್ಷಣ ಮೊದಲು ನೆರಳಿನ ಅಂಚನ್ನು ಗುರುತು ಮಾಡಿಬಿಡಿ, ಕಿಟಕಿ ಬಾಗಿಲು ಆಮೇಲೆ. ಟೋಪಿ, ನೀರಿನ ಬಾಟಲಿ, ಕೂರಲು ಒಂದು ಹಳೇ ಪೇಪರ್ ಇರಲಿ. ಬಿಳಿ ಪುಟದ ಮೇಲೆ ನೇರ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ, ಪುಸ್ತಕ ನಿಮ್ಮ ನೆರಳಿನಲ್ಲಿ ಬರುವ ಹಾಗೆ ಕೂರಿ.